ಕಣ್ಣಿನ ಪರದೆ ಕೆಳಗೆ ರಕ್ತನಾಳ ಮತ್ತೆ ಬರುತ್ತಾ, ಯಾವಾಗ ಬರುತ್ತೆ ಅಂತ ಮೊದಲೇ ಹೇಳೋಕೆ ಆಗುತ್ತಾ? (ನಂಬರ್ ಮೈನಸ್ 14)

ಕಸೂತಿ_ಧಾರವಾಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ, ಊರು ಧಾರವಾಡ. ಕಸೂತಿ ಹಾಕುತ್ತೇನೆ. ಇಪ್ಪತ್ತೆರಡು ವರ್ಷದಿಂದ ನಮ್ಮ ಮನೆ ನಡೆದಿರುವುದು ಅದರಿಂದಲೇ. ಬಲಗಣ್ಣಿನ ನಂಬರ್ ಮೈನಸ್ 12, ಎಡಗಣ್ಣಿನದು ಮೈನಸ್ 14. ನಾಲ್ಕನೇ ಕ್ಲಾಸಿನಲ್ಲಿ ಮೊದಲ ಚಸ್ಮಾ ಬಂದಾಗಲೇ ಮೈನಸ್ 5 ಇತ್ತು. ಪ್ರಶ್ನೆ ಕೇಳುವ ಮುಂಚೆ ಸ್ವಲ್ಪ ಹಿಂದಿನದು ಹೇಳಬೇಕು. ಉದ್ದ ಆಗುತ್ತದೆ, ದಯವಿಟ್ಟು ಓದಿ.

ಸೂಜಿ ಕೆಲಸಕ್ಕೆ ನನಗೆ ಚಸ್ಮಾ ಬೇಡ. ತೆಗೆದಿಟ್ಟು ಬಟ್ಟೆಯನ್ನು ಮೂಗಿನ ಹತ್ತಿರ ತರುತ್ತೇನೆ, ನಾಲ್ಕು ಬೆರಳಿನಷ್ಟು ದೂರಕ್ಕೆ. ಅಲ್ಲಿ ಒಂದೊಂದು ಎಳೆಯೂ ಹಗ್ಗದ ಹಾಗೆ ಕಾಣುತ್ತದೆ. ಕಸೂತಿಗೆ ಮೊದಲೇ ಗೆರೆ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಹಾಕಬೇಕು. ಗವಂತಿ, ಮುರಗಿ ಹೊಲಿಗೆ ಹಾಕಿದರೆ ಬಟ್ಟೆಯ ಹಿಂದೂ ಮುಂದೂ ಒಂದೇ ಥರ ಇರಬೇಕು. ಒಂದು ಎಳೆ ತಪ್ಪಿದರೂ ಗೋಪುರದ ಎರಡು ಬದಿ ಮೇಲೆ ಬಂದು ಕೂಡುವುದಿಲ್ಲ. ಅಷ್ಟು ಹತ್ತಿರ ಹಿಡಿದರೆ ಎರಡೂ ಕಣ್ಣು ಒಂದೇ ಕಡೆ ಸೇರುವುದಿಲ್ಲ, ಬಲಗಣ್ಣೇ ಕೆಲಸ ಮಾಡುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಬಲಗಣ್ಣಿಗೆ ಕಣ್ಣು ಬೇನೆ ಬಂತು. ಕೆಂಪಾಗಿ, ಪಿಚ್ಚು ಕಟ್ಟಿ, ತೆರೆಯೋಕೇ ಆಗುತ್ತಿರಲಿಲ್ಲ. ಕೆಲಸ ಅರ್ಜೆಂಟ್ ಇತ್ತು. ಒಂದು ಇಳಕಲ್ ಸೀರೆಯ ಸೆರಗಿಗೆ ತೇರು ಹಾಕುತ್ತಿದ್ದೆ. ಬಲಗಣ್ಣಿಗೆ ಕರ್ಚೀಪು ಕಟ್ಟಿಕೊಂಡು ಎಡಗಣ್ಣಿನಿಂದ ನೋಡಿದೆ. ತೇರಿನ ಕಂಬ ನಡುವೆ ಬಾಗಿತ್ತು. ತಪ್ಪು ಹಾಕಿದೆ ಅಂದುಕೊಂಡು ಬಿಚ್ಚಿದೆ. ಎಣಿಸಿ ಮತ್ತೆ ಹಾಕಿದೆ, ಮತ್ತೆ ಬಾಗಿತು. ಬೆರಳಿನಿಂದ ಸವರಿ ನೋಡಿದರೆ ದಾರ ನೇರ ಇದೆ, ಕಣ್ಣಿಗೆ ಮಾತ್ರ ಡೊಂಕು. ಮೂರನೇ ಸಲ ಬಿಚ್ಚುವಾಗ ಕೈ ನಡುಗಿತು.

ಒಂದು ಕನ್ನಡಕದ ಅಂಗಡಿಗೆ ಹೋದೆ. ನಂಬರ್ ಏರಿದೆ ಅಂದರು. ಹೊಸ ಗ್ಲಾಸ್ ಹಾಕಿಸಿದೆ, ಗೆರೆ ಬಾಗುವುದು ನಿಲ್ಲಲಿಲ್ಲ. ಐದು ವಾರ ಹಾಗೇ ಹೋದವು. ಆ ಐದು ವಾರ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಆಮೇಲೆ ಹುಬ್ಬಳ್ಳಿಯಲ್ಲಿ ಪರದೆಯ ಡಾಕ್ಟರ ಹತ್ತಿರ ಹೋದೆ. ಓಸಿಟಿ ಸ್ಕ್ಯಾನ್ ಮಾಡಿದರು, ಅಂದರೆ ಬೆಳಕಿನಿಂದ ಪರದೆಯ ಪದರಗಳ ಚಿತ್ರ ತೆಗೆಯುವುದು. ಕೈಗೆ ಹಳದಿ ಬಣ್ಣದ ಔಷಧ ಚುಚ್ಚಿ ಕಣ್ಣಿನ ಫೋಟೋ ತೆಗೆದರು. ಮರುದಿನದವರೆಗೂ ಮೂತ್ರ ಅರಿಶಿನ ನೀರಿನ ಹಾಗೆ ಬಂತು. ಮಯೋಪಿಕ್ ಸಿಎನ್‌ವಿ ಅಂದರು. ಸಾಮಾನ್ಯ ಕಣ್ಣು ಗುಡ್ಡೆ ಸುಮಾರು 24 ಮಿಲಿಮೀಟರ್ ಉದ್ದ ಇರುತ್ತದಂತೆ, ನನ್ನ ಎಡಗಣ್ಣು 30. ಹಳೆ ಸೀರೆ ಜಗ್ಗಿದ ಕಡೆ ಎಳೆ ಬಿಟ್ಟುಕೊಳ್ಳುತ್ತದಲ್ಲ, ಹಾಗೆ ಪರದೆಯ ಕೆಳಗಿನ ಪದರ ಸೀಳಿದೆ. ಆ ಸೀಳಿನಿಂದ ಬೇಡದ ರಕ್ತನಾಳ ಮೇಲೆ ಬಂದು ಸೋರುತ್ತಿದೆ. ನಾನು ಅರ್ಥ ಮಾಡಿಕೊಂಡಿದ್ದು ಇಷ್ಟು.

ಅಕ್ಟೋಬರ್‌ನಲ್ಲಿ ಒಂದು, ನವೆಂಬರ್‌ನಲ್ಲಿ ಒಂದು, ಕಣ್ಣಿನೊಳಗೆ ಇಂಜೆಕ್ಷನ್ ಕೊಟ್ಟರು. ಹೆದರಿದಷ್ಟು ನೋವಾಗಲಿಲ್ಲ. ಒಣಗಿದೆ ಅಂದರು. 6/36 ಇದ್ದ ಎಡಗಣ್ಣು 6/18ಕ್ಕೆ ಬಂತು (6/6 ಇದ್ದರೆ ಸರಿಯಾದ ದೃಷ್ಟಿ). ಯುಗಾದಿಗೆ ಎರಡು ದಿನ ಮುಂಚೆ ಕ್ಯಾಲೆಂಡರ್ ನೋಡುವಾಗ ತಾರೀಕಿನ ಅಂಕಿಯ ನಡುಭಾಗ ಮಸುಕಾಯಿತು. ಮತ್ತೆ ಬಂದಿತ್ತು. ಮೂರನೇ ಇಂಜೆಕ್ಷನ್ ಆಯಿತು. ಆಮೇಲೆ ನಾಲ್ಕು ತಿಂಗಳು, ನಾಲ್ಕು ಸ್ಕ್ಯಾನ್, ನಾಲ್ಕೂ ಸಲ ಒಣಗಿದೆ ಅಂದಿದ್ದಾರೆ.

ಈಗ ಪ್ರಶ್ನೆಗೆ ಬರುತ್ತೇನೆ. ಒಂದು ಮದುವೆಗೆ ಚಂದ್ರಕಾಳಿ ಸೀರೆ ಕೇಳಿದ್ದಾರೆ. ಕರಿ ರೇಷ್ಮೆ, ಮೈ ತುಂಬ ಚಿಕ್ಕಿ, ಸೆರಗಿಗೆ ತೇರು, ಆನೆ ಅಂಬಾರಿ, ತುಳಸಿ ಕಟ್ಟೆ. ಮಾಘದಲ್ಲಿ ಮದುವೆ. ಕರಿ ಬಟ್ಟೆಯ ಮೇಲೆ ಎಳೆ ಎಣಿಸುವುದು ಒಳ್ಳೆಯ ಕಣ್ಣಿನವರಿಗೇ ಕಷ್ಟ. ಮುಂಗಡ ತೆಗೆದುಕೊಂಡು ನಡುವೆ ಕಣ್ಣು ಕೈಕೊಟ್ಟರೆ ಅವರ ಮುಂದೆ ಹೇಗೆ ನಿಲ್ಲಲಿ? ಮನೆಯವರು ಸೂಜಿಯನ್ನೇ ಬಿಡು ಅನ್ನುತ್ತಾರೆ, ಈ ಕೆಲಸದಿಂದಲೇ ಬಂದಿದ್ದು ಅಂತ. ಡಾಕ್ಟರನ್ನು ಕೇಳಿದೆ. ಬರಬಹುದು, ಬರದೇನೂ ಇರಬಹುದು, ತಿಂಗಳಿಗೊಮ್ಮೆ ತೋರಿಸಿ ಅಂದರು. ಒಳ್ಳೆಯವರು, ಆದರೆ ಹೊರಗೆ ಐವತ್ತು ಜನ ಕಾಯುತ್ತಿರುತ್ತಾರೆ. ನನ್ನ ಅಣ್ಣನ ಮಗ ಹೇಳುತ್ತಾನೆ, ಈಗ ಸ್ಕ್ಯಾನ್ ನೋಡಿ ಯಾರಿಗೆ ಮರಳಿ ಬರುತ್ತದೆ ಅಂತ ಕಂಪ್ಯೂಟರೇ ಹೇಳುತ್ತದಂತೆ. ಇದು ನಿಜವಾ? ಮತ್ತೆ ಬರುವುದನ್ನು ಮೊದಲೇ ತಿಳಿಯೋಕೆ ಏನಾದರೂ ದಾರಿ ಇದೆಯಾ? ಬಲಗಣ್ಣಿಗೂ ಬರುತ್ತದಾ? ಗೊತ್ತಿದ್ದವರು ಹೇಳಿ.

ಸಾಗರ_ಪಾಲಿಸಿ ಉತ್ತರ:

ತಂಗೀ, ನಿಮ್ಮ ಕರ್ಚೀಪಿನ ಕಥೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನನಗೂ ಇದೇ ಕಾಯಿಲೆ. 61 ವರ್ಷ, ಎರಡೂ ಕಣ್ಣು ಮೈನಸ್ 16ರ ಆಸುಪಾಸು. ಎಲ್‌ಐಸಿಯಲ್ಲಿ ಕೆಲಸ ಮಾಡಿ ನಿವೃತ್ತನಾದೆ.

ಬಲಗಣ್ಣಿಗೆ 2018ರಲ್ಲಿ ಬಂತು. ಮೂರು ಇಂಜೆಕ್ಷನ್‌ಗೆ ಒಣಗಿ ಒಂದೂವರೆ ವರ್ಷ ಏನೂ ಇರಲಿಲ್ಲ. ನನಗೆ ಧೈರ್ಯ ಬಂದುಬಿಟ್ಟಿತ್ತು. 2020ರ ಮಾರ್ಚ್ ಕೊನೆಯ ವಾರ ಶಿವಮೊಗ್ಗದಲ್ಲಿ ಚೆಕಪ್ ಇತ್ತು, ಅಷ್ಟರಲ್ಲಿ ಲಾಕ್‌ಡೌನ್ ಆಯಿತು. ಏಪ್ರಿಲ್‌ನಲ್ಲಿ ಪೇಪರಿನ ಸಾಲು ಅಲೆಅಲೆಯಾಗಿ ಕಾಣತೊಡಗಿತು. ಬಸ್ಸಿಲ್ಲ, ಕಾರು ಕೇಳಿದರೆ ಪಾಸ್ ಮಾಡಿಸಬೇಕು, ಮಗನಿಗೆ ಯಾಕೆ ತೊಂದರೆ ಅಂದುಕೊಂಡೆ. ಜೂನ್‌ನಲ್ಲಿ ಹೋದಾಗ ನಡುಭಾಗದಲ್ಲಿ ರಕ್ತ ಸೋರಿ ಕಲೆ ಕಟ್ಟಿತ್ತು. ಇವತ್ತು ಆ ಕಣ್ಣು 6/60. ಮೊಮ್ಮಗಳು ಎದುರಿಗೆ ನಿಂತರೆ ಕಿವಿಯೋಲೆ ಕಾಣುತ್ತದೆ, ಮುಖ ಕಾಣುವುದಿಲ್ಲ.

ಎಡಗಣ್ಣಿಗೆ 2023ರಲ್ಲಿ ಬಂತು. ಅಷ್ಟು ಹೊತ್ತಿಗೆ ನನಗೊಂದು ಅಭ್ಯಾಸ ಆಗಿತ್ತು. ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಒಂದೊಂದೇ ಕಣ್ಣು ಮುಚ್ಚಿ ಬಚ್ಚಲಿನ ಟೈಲ್ಸ್ ನೋಡುವುದು. ಒಂದು ಬುಧವಾರ ಒಂದು ಟೈಲ್ಸಿನ ಅಂಚು ಒಳಗೆ ಎಳೆದುಕೊಂಡಿತ್ತು. ಗುರುವಾರ ಮಧ್ಯಾಹ್ನ ಶಿವಮೊಗ್ಗದಲ್ಲಿ ಇಂಜೆಕ್ಷನ್ ಆಗಿತ್ತು. ಎರಡೇ ಇಂಜೆಕ್ಷನ್. ಈಗಲೂ ಆ ಕಣ್ಣು 6/9 ಇದೆ. ಇದನ್ನು ಟೈಪ್ ಮಾಡುತ್ತಿರುವುದು ಅದೇ ಕಣ್ಣಿನಿಂದ. ಕಾಯಿಲೆ ಒಂದೇ, ಔಷಧ ಒಂದೇ. ಒಂದು ಕಣ್ಣಿಗೆ ಎರಡು ತಿಂಗಳು ತಡ ಮಾಡಿದೆ, ಇನ್ನೊಂದಕ್ಕೆ ಒಂದೇ ದಿನ.

ಮೊದಲೇ ಹೇಳೋಕೆ ಆಗುತ್ತಾ ಅಂತ ಕೇಳಿದ್ದೀರಿ. ನನ್ನ ಕೆಲಸದ ಅನುಭವದಿಂದ ಹೇಳುತ್ತೇನೆ. ವಿಮೆಯಲ್ಲಿ ಒಂದು ಟೇಬಲ್ ಇರುತ್ತದೆ. ಇಂಥ ವಯಸ್ಸಿನ ಸಾವಿರ ಜನರಲ್ಲಿ ಈ ವರ್ಷ ಎಷ್ಟು ಕ್ಲೇಮು ಬರುತ್ತದೆ ಅಂತ ಅದು ಹೇಳುತ್ತದೆ, ಹೆಚ್ಚು ಕಡಿಮೆ ಸರಿಯಾಗೇ ಹೇಳುತ್ತದೆ. ಯಾರ ಮನೆಯಿಂದ ಅಂತ ಮಾತ್ರ ಹೇಳುವುದಿಲ್ಲ. ಮೂವತ್ತೈದು ವರ್ಷ ಆ ಟೇಬಲ್ ನಂಬಿ ಕೆಲಸ ಮಾಡಿದ್ದೇನೆ. ಅದನ್ನು ನೋಡಿ ಪ್ರೀಮಿಯಂ ಎಷ್ಟು ಅಂತ ನಿರ್ಧರಿಸಬಹುದು. ಒಬ್ಬ ಮನುಷ್ಯನ ಮುಂದಿನ ಆರು ತಿಂಗಳು ಅದರಲ್ಲಿ ಇರುವುದಿಲ್ಲ ತಂಗೀ.

ಸೀರೆ ತೆಗೆದುಕೊಳ್ಳಿ ಅಂತಲೇ ನನ್ನ ಮಾತು. ಆದರೆ ತಿಂಗಳ ಚೆಕಪ್ ಒಂದೂ ತಪ್ಪಿಸಬೇಡಿ.

ಓಸಿಟಿ_ಕೋಣೆ ಉತ್ತರ:

ಅಕ್ಕಾ, ನಮಸ್ತೆ. ನಾನು ಆಪ್ಟೋಮೆಟ್ರಿಸ್ಟ್, ಹನ್ನೊಂದು ವರ್ಷದಿಂದ ರೆಟಿನಾ ಅಂದರೆ ಪರದೆಯ ವಿಭಾಗದಲ್ಲಿ ಸ್ಕ್ಯಾನ್ ತೆಗೆಯುತ್ತಿದ್ದೇನೆ. ಡಾಕ್ಟರಲ್ಲ, ಹಾಗಾಗಿ ಔಷಧದ ತೀರ್ಮಾನ ನಿಮ್ಮ ಡಾಕ್ಟರದೇ. ನಾನು ದಿನಾ ನೋಡುವುದನ್ನು ಹೇಳುತ್ತೇನೆ.

ಮೊದಲು ಸೂಜಿಯ ಮಾತು, ಯಾಕಂದರೆ ಅದೇ ನಿಮ್ಮನ್ನು ಜಾಸ್ತಿ ಕೊರೆಯುತ್ತಿದೆ ಅನ್ನಿಸಿತು. ಕಸೂತಿ ಹಾಕಿದ್ದಕ್ಕೆ ಈ ರಕ್ತನಾಳ ಬರಲಿಲ್ಲ. ಗುಡ್ಡೆ ಹಿಂದಕ್ಕೆ ಹಿಗ್ಗಿ, ಒಳಗಿನ ಪದರಗಳು ತೆಳುವಾಗಿ, ಅವುಗಳಲ್ಲಿ ಸೀಳು ಬಿಡುತ್ತದೆ. ಈ ಸೀಳಿಗೆ ಲಾಕರ್ ಕ್ರ್ಯಾಕ್ ಅನ್ನುತ್ತಾರೆ. ನಿಮ್ಮ ರಿಪೋರ್ಟಿನಲ್ಲಿ ಆ ಪದ ಇದೆಯಾ ನೋಡಿ. ಅಲ್ಲಿ ವಿಇಜಿಎಫ್ ಅನ್ನುವ ಪ್ರೋಟೀನ್ ಹೆಚ್ಚಾಗಿ ಹೊಸ ರಕ್ತನಾಳ ಹುಟ್ಟುತ್ತದೆ. ಕಣ್ಣಿಗೆ ಕೊಟ್ಟ ಇಂಜೆಕ್ಷನ್ ಆ ಪ್ರೋಟೀನನ್ನು ಕಟ್ಟಿಹಾಕುತ್ತದೆ, ಆಗ ನಾಳ ಕುಗ್ಗುತ್ತದೆ. ಸೀಳು ಮಾತ್ರ ಹಾಗೇ ಇರುತ್ತದೆ, ಅದನ್ನು ಹೊಲಿಯುವ ಔಷಧ ಇನ್ನೂ ಇಲ್ಲ. ಮರಳಿ ಬರುವುದು ಅದಕ್ಕೇ. ಸೂಜಿ ಬಿಟ್ಟವರಿಗೆ ಇದು ಕಡಿಮೆ ಬರುತ್ತದೆ ಅನ್ನುವುದಕ್ಕೆ ಆಧಾರ ನಾನಂತೂ ಎಲ್ಲೂ ನೋಡಿಲ್ಲ. ಮನೆಯವರಿಗೆ ಇದನ್ನು ಓದಿ ಹೇಳಿ.

ಸಮಾಧಾನದ ಒಂದು ಮಾತೂ ಇದೆ. ವಯಸ್ಸಾದವರಿಗೆ ಬರುವ ಇದೇ ಥರದ ಕಾಯಿಲೆಯಲ್ಲಿ ಇಂಜೆಕ್ಷನ್ ವರ್ಷಗಟ್ಟಲೆ ಬೇಕಾಗುವುದು ಸಾಮಾನ್ಯ. ಮೈನಸ್ ಕಣ್ಣಿನಲ್ಲಿ ಹಾಗಲ್ಲ. 2014ರಲ್ಲಿ ಪ್ರಕಟವಾದ ರೇಡಿಯನ್ಸ್ ಅನ್ನುವ ದೊಡ್ಡ ಅಧ್ಯಯನದಲ್ಲಿ 277 ಜನ ಇದ್ದರು. ಕಾಯಿಲೆ ಚುರುಕಾಗಿದ್ದಾಗ ಮಾತ್ರ ರಾನಿಬಿಜುಮ್ಯಾಬ್ ಅನ್ನುವ ಇಂಜೆಕ್ಷನ್ ಕೊಟ್ಟ ಗುಂಪಿನಲ್ಲಿ ಅರ್ಧದಷ್ಟು ಜನರಿಗೆ ಇಡೀ ವರ್ಷಕ್ಕೆ ಎರಡು ಅಥವಾ ಅದಕ್ಕಿಂತ ಕಡಿಮೆ ಇಂಜೆಕ್ಷನ್ ಸಾಕಾಯಿತು. ನಿಮಗೆ ಮೂರು ಆಗಿದೆ. ಅದು ಗಾಬರಿಯಾಗುವ ಸಂಖ್ಯೆ ಅಲ್ಲ ಅಕ್ಕಾ.

ಯಾರಿಗೆ ಮರಳುತ್ತದೆ? ಮೊದಲ ಸಲ ಬಂದಾಗ ಆ ನಾಳದ ಗಂಟು ಎಷ್ಟು ದೊಡ್ಡದಿತ್ತು ಅನ್ನುವುದನ್ನು ನಮ್ಮ ಡಾಕ್ಟರುಗಳು ಮೊದಲು ನೋಡುತ್ತಾರೆ. ದೊಡ್ಡದಿದ್ದರೆ ಮರಳುವ ಸಾಧ್ಯತೆ ಹೆಚ್ಚು. ಸರಿಯಾಗಿ ಪರದೆಯ ನಡುಬಿಂದುವಿನ ಕೆಳಗೇ ಇತ್ತಾ, ಪಕ್ಕದಲ್ಲಿತ್ತಾ ಅನ್ನುವುದು ಇನ್ನೊಂದು. ಮೊದಲ ಸಲ ಒಣಗಿಸಲು ಎಷ್ಟು ಇಂಜೆಕ್ಷನ್ ಬೇಕಾಯಿತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ವಯಸ್ಸಿನ ವಿಷಯದಲ್ಲಿ ಒಂದು ಅಧ್ಯಯನ ಹೌದು ಅಂದರೆ ಇನ್ನೊಂದು ಇಲ್ಲ ಅನ್ನುತ್ತದೆ. ಕನ್ನಡಕದ ನಂಬರ್ ಒಂದನ್ನೇ ನೋಡಿ ಹೇಳೋಕೆ ಬರುವುದಿಲ್ಲ. ಇಲ್ಲಿ ಓದುವವರಲ್ಲಿ ಲೇಸರ್ ಮಾಡಿಸಿ ಕನ್ನಡಕ ತೆಗೆದವರಿದ್ದರೆ ಅವರಿಗೂ ಒಂದು ಮಾತು. ನಂಬರ್ ಹೋಗಿರುತ್ತದೆ, ಕಣ್ಣಿನ ಉದ್ದ ಹೋಗಿರುವುದಿಲ್ಲ. ಹಿಂದಿನ ಪರದೆ ಮೊದಲಿನಷ್ಟೇ ತೆಳು ಇರುತ್ತದೆ.

ಒಮ್ಮೆ ಮರಳಿದ ಕಣ್ಣನ್ನು ನಾವು ಜಾಸ್ತಿ ಹತ್ತಿರದಿಂದ ನೋಡುತ್ತೇವೆ. ಸಾಮಾನ್ಯವಾಗಿ ಮೊದಲ ಎರಡು ತಿಂಗಳು ತಿಂಗಳಿಗೊಮ್ಮೆ, ಆಮೇಲೆ ಮೊದಲ ವರ್ಷ ಮುಗಿಯುವವರೆಗೆ ಕಡೇಪಕ್ಷ ಮೂರು ತಿಂಗಳಿಗೊಮ್ಮೆ ನೋಡಬೇಕು ಅನ್ನುತ್ತಾರೆ. ನಿಮ್ಮನ್ನು ತಿಂಗಳಿಗೊಮ್ಮೆ ಕರೆಯುತ್ತಿರುವುದು ಯುಗಾದಿಗೆ ಒಮ್ಮೆ ಮರಳಿತ್ತು ಅಂತ ಇರಬೇಕು. ಮುಂದಿನ ಸಲ ಕೇಳಿ ನೋಡಿ.

ಸ್ಕ್ಯಾನ್ ತೆಗೆಯುವವಳಾಗಿ ಇನ್ನೊಂದು ವಿಷಯ ಹೇಳಲೇಬೇಕು. ಮೈನಸ್ ಕಣ್ಣಿನಲ್ಲಿ ಈ ನಾಳ ನೀರು ಸೋರಿಸುವುದು ಬಹಳ ಕಡಿಮೆ. ವಯಸ್ಸಾದವರ ಕಣ್ಣಿನಲ್ಲಾದರೆ ಓಸಿಟಿಯಲ್ಲಿ ಕರಿ ಕೆರೆಯ ಹಾಗೆ ನೀರು ಎದ್ದು ಕಾಣುತ್ತದೆ. ನಿಮ್ಮಂಥವರಲ್ಲಿ ಒಂದು ಬೂದು ಉಬ್ಬಿನ ಅಂಚು ಸ್ವಲ್ಪ ಕಲಸಿದ ಹಾಗೆ ಕಾಣಬಹುದು, ಅಷ್ಟೇ. ಅದಕ್ಕೇ ರೋಗಿ ಗೆರೆ ಬಾಗುತ್ತಿದೆ ಅಂದು, ಓಸಿಟಿಯಲ್ಲಿ ಏನೂ ಕಾಣದಿದ್ದರೆ ಡಾಕ್ಟರು ಮತ್ತೆ ಡೈ ಹಾಕಿ ಫೋಟೋ ತೆಗೆಸುತ್ತಾರೆ. ನೀವು ಹೇಳುವ ಮಾತು ಪರೀಕ್ಷೆಯ ಒಂದು ಭಾಗ. ಸ್ಕ್ಯಾನ್ ಚೆನ್ನಾಗಿದೆ ಅಂದ ಮೇಲೆ ನಾನು ಯಾಕೆ ಹೇಳಲಿ ಅಂತ ಎಷ್ಟೋ ಜನ ಬಾಯಿ ಮುಚ್ಚಿಕೊಂಡು ಹೋಗುತ್ತಾರೆ. ಹಾಗೆ ಮಾಡಬೇಡಿ.

ಹಾಗಂತ ಕಣ್ಣು ಮಸುಕಾದಾಗಲೆಲ್ಲ ಅದೇ ಮರಳಿದೆ ಅಂತಲೂ ಅಲ್ಲ. ಹೊಸ ಸೀಳು ಬಿಟ್ಟಾಗ ಒಮ್ಮೊಮ್ಮೆ ಬರೀ ರಕ್ತ ಚಿಮ್ಮುತ್ತದೆ, ನಾಳ ಇರುವುದಿಲ್ಲ. ಅದು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ತಾನೇ ಇಂಗುತ್ತದೆ. ಹಳೆ ಕಲೆಯ ಸುತ್ತ ಪರದೆ ನಿಧಾನವಾಗಿ ಸವೆಯುವುದು ಇನ್ನೊಂದು. ಅದಕ್ಕೆ ಇಂಜೆಕ್ಷನ್ ಉಪಯೋಗಕ್ಕೆ ಬರುವುದಿಲ್ಲ. ಇವುಗಳಲ್ಲಿ ಯಾವುದು ಅಂತ ಮನೆಯಲ್ಲಿ ಕೂತು ಗೊತ್ತಾಗುವುದಿಲ್ಲ, ತೋರಿಸಲೇಬೇಕು.

ಬಲಗಣ್ಣಿನ ಬಗ್ಗೆ ಮುಚ್ಚಿಡದೆ ಹೇಳುತ್ತೇನೆ. 2003ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ, ಒಂದು ಕಣ್ಣಿಗೆ ಬಂದವರ ಪೈಕಿ 34.8 ಶೇಕಡಾ ಜನರಿಗೆ ಎಂಟು ವರ್ಷದೊಳಗೆ ಇನ್ನೊಂದು ಕಣ್ಣಿಗೂ ಬಂತು. ಮೂವರಲ್ಲಿ ಒಬ್ಬರು ಅಂತ ಇಟ್ಟುಕೊಳ್ಳಿ. ಇಬ್ಬರಿಗೆ ಬರಲಿಲ್ಲ. ಪ್ರತಿ ಸಲ ಎರಡೂ ಕಣ್ಣಿನ ಸ್ಕ್ಯಾನ್ ಮಾಡಿ ಅಂತ ಕೇಳಿ.

ಮನೆಯಲ್ಲಿ ಆಮ್ಸ್ಲರ್ ಚೌಕ ನೋಡಿ. ಮಾರ್ಕ್ ಆಮ್ಸ್ಲರ್ ಅನ್ನುವ ಸ್ವಿಸ್ ಕಣ್ಣಿನ ಡಾಕ್ಟರು ಮಾಡಿದ್ದು. ಹತ್ತು ಸೆಂಟಿಮೀಟರಿನ ಚೌಕ, ಅದರಲ್ಲಿ 5 ಮಿಲಿಮೀಟರಿನ ಮನೆಗಳು, ಅಡ್ಡ ಇಪ್ಪತ್ತು, ಉದ್ದ ಇಪ್ಪತ್ತು, ನಡುವೆ ಚುಕ್ಕೆ. ಕನ್ನಡಕ ಹಾಕಿಕೊಂಡು 30 ಸೆಂಟಿಮೀಟರ್ ದೂರದಲ್ಲಿ, ಒಂದು ಕಣ್ಣು ಪೂರ್ತಿ ಮುಚ್ಚಿ, ಚುಕ್ಕೆಯನ್ನೇ ನೋಡಬೇಕು. ಎರಡೂ ಕಣ್ಣು ತೆರೆದು ನೋಡಿದರೆ ಚೆನ್ನಾಗಿರುವ ಕಣ್ಣು ಇನ್ನೊಂದರ ತಪ್ಪನ್ನು ಮುಚ್ಚಿಹಾಕುತ್ತದೆ. ನಿಮಗೆ ಕಣ್ಣು ಬೇನೆ ಬರುವವರೆಗೆ ಆದದ್ದು ಅದೇ. ನಿಮ್ಮ ಎಡಗಣ್ಣಿನಲ್ಲಿ ಹಳೆ ಕಲೆಯಿಂದ ಸ್ವಲ್ಪ ಡೊಂಕು ಉಳಿದಿರುತ್ತದೆ. ಯಾವ ಮನೆಗಳು ಅಂತ ಇವತ್ತೇ ಬರೆದಿಡಿ. ಅದು ಬದಲಾದ ದಿನ ಚೆಕಪ್ ತಾರೀಕು ಕಾಯಬೇಡಿ.

ಇನ್ನೆರಡು ಮಾತು. ಇಂಜೆಕ್ಷನ್ ಆದ ಮೇಲಿನ ದಿನಗಳಲ್ಲಿ ನೋವು, ಕೆಂಪು ಹೆಚ್ಚಾಗಿ ಕಣ್ಣು ಮಸುಕಾದರೆ, ಅಥವಾ ಯಾವಾಗಲಾದರೂ ಮಿಂಚು ಹೊಡೆದ ಹಾಗೆ ಬೆಳಕು, ಒಮ್ಮೆಲೇ ಕರಿ ಚುಕ್ಕೆಗಳ ರಾಶಿ, ಒಂದು ಕಡೆಯಿಂದ ಪರದೆ ಇಳಿದ ಹಾಗೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇವು ಬೇರೆಯೇ ತೊಂದರೆಗಳು, ಅದರಲ್ಲಿ ಮಿಂಚು, ಕರಿ ಚುಕ್ಕೆಗಳ ತೊಂದರೆ ಉದ್ದ ಕಣ್ಣಿನವರಿಗೆ ಜಾಸ್ತಿ.

ಸ್ಕ್ಯಾನ್_ಲೆಕ್ಕ ಉತ್ತರ:

ಕಂಪ್ಯೂಟರಿನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಬೆಂಗಳೂರಿನಲ್ಲಿ ವೈದ್ಯಕೀಯ ಚಿತ್ರಗಳ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ನನಗೂ ಮೈನಸ್ 9, ಹಾಗಾಗಿ ಇದರ ಬಗ್ಗೆ ಬಂದಿದ್ದನ್ನೆಲ್ಲ ಓದುತ್ತಿರುತ್ತೇನೆ.

ನಿಮ್ಮ ಅಣ್ಣನ ಮಗ ಹೇಳಿದ್ದು ಸುಳ್ಳಲ್ಲ. ಇಂಜೆಕ್ಷನ್ ಆದವರ ಸ್ಕ್ಯಾನ್‌ಗಳನ್ನು ಕಂಪ್ಯೂಟರಿಗೆ ತೋರಿಸಿ, ಮುಂದೆ ಯಾರಿಗೆ ಮರಳಿತು, ಯಾರಿಗೆ ಇಲ್ಲ ಅಂತ ಕಲಿಸುತ್ತಾರೆ. ಆಮೇಲೆ ಹೊಸ ಸ್ಕ್ಯಾನ್ ಕೊಟ್ಟರೆ ಅದು ಒಂದು ಅಂಕಿ ಕೊಡುತ್ತದೆ. ಸಂಶೋಧನೆಯ ಪತ್ರಿಕೆಗಳಲ್ಲಿ 0.8 ಅಂಕ ಬಂತು ಅಂತ ಬರೆಯುತ್ತಾರೆ ಅಂದುಕೊಳ್ಳಿ. 100ಕ್ಕೆ 80 ಸಲ ಸರಿ ಹೇಳಿತು ಅಂತ ಅದರ ಅರ್ಥ ಅಲ್ಲ. ಮರಳಿದ ಒಬ್ಬರು, ಮರಳದ ಒಬ್ಬರು, ಹೀಗೆ ಜೋಡಿ ಮಾಡಿದರೆ 100 ಜೋಡಿಗಳಲ್ಲಿ 80ರಲ್ಲಿ ಮರಳಿದವರಿಗೇ ಹೆಚ್ಚು ಅಂಕಿ ಕೊಟ್ಟಿದೆ, ಅಷ್ಟೇ. ಸಾಲಿನಲ್ಲಿ ಯಾರನ್ನು ಮುಂದೆ ನಿಲ್ಲಿಸಬೇಕು ಅನ್ನುವುದಕ್ಕೆ ಅದು ಉಪಯೋಗ. ನಿಮ್ಮ ಮಾಘ ಮಾಸದ ಬಗ್ಗೆ ಅದು ಏನೂ ಹೇಳಿದ ಹಾಗಾಗಲಿಲ್ಲ. ಮೇಲೆ ಸಾಗರದ ಹಿರಿಯರು ವಿಮೆಯ ಟೇಬಲ್ ಅಂದರಲ್ಲ, ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಕಷ್ಟ ಇನ್ನೂ ಒಂದಿದೆ. 30 ಮಿಲಿಮೀಟರ್ ಉದ್ದದ ಕಣ್ಣಿನ ಹಿಂಭಾಗ ಬಟ್ಟಲಿನ ಹಾಗೆ ಬಗ್ಗಿರುತ್ತದೆ. ಸ್ಕ್ಯಾನ್ ತೆಗೆದರೆ ಪರದೆ ಚಿತ್ರದ ಚೌಕಟ್ಟು ದಾಟಿ ಹೋಗುತ್ತದೆ, ಒಮ್ಮೊಮ್ಮೆ ಅಂಚಿನಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಬೀಳುತ್ತದೆ. ಒಂದು ಆಸ್ಪತ್ರೆಯ ಒಂದು ಯಂತ್ರದಲ್ಲಿ ಕಲಿತ ಕಂಪ್ಯೂಟರಿಗೆ ಇನ್ನೊಂದು ಯಂತ್ರದ ಚಿತ್ರ ಕೊಟ್ಟರೆ ತಪ್ಪುವುದು ಇಂಥ ಕಡೆ. ಕಲಿಸಿದ ಚಿತ್ರಗಳಲ್ಲಿ ಬಹುಪಾಲು ಜಪಾನ್, ಚೀನಾ ಕಡೆಯವು. ನಮ್ಮವರ ಕಣ್ಣುಗಳೂ ಅದರಲ್ಲಿ ಸೇರಬೇಕು ಅನ್ನುವುದು ನನ್ನ ದೊಡ್ಡ ಆಸೆ. ನಿಮ್ಮ ಹಳೆ ಸ್ಕ್ಯಾನ್‌ಗಳನ್ನು ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಕೇಳಿ ತೆಗೆದಿಟ್ಟುಕೊಳ್ಳಿ. ಇವತ್ತು ಹೋಲಿಸಿ ನೋಡಲು ಡಾಕ್ಟರಿಗೆ ಬೇಕು, ನಾಳೆ ಇಂಥ ಯಂತ್ರಕ್ಕೂ ಬೇಕಾಗುತ್ತದೆ.

ಕಸೂತಿ_ಧಾರವಾಡ:

ಎಲ್ಲರಿಗೂ ಕೈಮುಗಿಯುತ್ತೇನೆ. ಸಾಗರದ ಅಣ್ಣಾರೇ, ಮೊಮ್ಮಗಳ ಕಿವಿಯೋಲೆಯ ಮಾತು ಓದಿ ಕಣ್ಣಲ್ಲಿ ನೀರು ಬಂತು. ಓಸಿಟಿ ತಂಗೀ, ನೀವು ಬರೆದ ಸೂಜಿಯ ಮಾತನ್ನು ನಮ್ಮ ಮನೆಯವರಿಗೆ ಎರಡು ಸಲ ಓದಿ ಹೇಳಿದೆ. ಈಗ ಯಾರೂ ಬಿಡು ಅನ್ನುತ್ತಿಲ್ಲ.

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ. ಸೀರೆ ಕೇಳಿದವರ ಮನೆಗೆ ನಾನೇ ಹೋದೆ. ಎಡಗಣ್ಣಿನ ಕಥೆ ಪೂರ್ತಿ ಹೇಳಿದೆ. ನನ್ನ ಹತ್ತಿರ ಕಲಿಯುವ ಹುಡುಗಿಯೊಬ್ಬಳು ಮೊದಲ ದಿನದಿಂದಲೇ ಪಕ್ಕದಲ್ಲಿ ಕೂತು ಚಿಕ್ಕಿ ಹಾಕುತ್ತಾಳೆ, ನನಗೆ ಆಗದಿದ್ದರೆ ಸೆರಗನ್ನೂ ಅವಳೇ ಮುಗಿಸುತ್ತಾಳೆ, ಒಪ್ಪಿಗೆ ಇದ್ದರೆ ಕೊಡಿ ಅಂದೆ. ಆ ತಾಯಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ತೇರು ಮಾತ್ರ ನಿಮ್ಮ ಕೈಯಿಂದಲೇ ಆಗಬೇಕು, ಅದನ್ನು ಮೊದಲು ಹಾಕಿಬಿಡಿ ಅಂದರು. ಹಾಗಾಗಿ ಸೆರಗಿನಿಂದಲೇ ಶುರು ಮಾಡಿದ್ದೇನೆ. ಬಲಗಣ್ಣು ಕೆಲಸ ಮಾಡುತ್ತಿದೆ. ಬಟ್ಟೆಯ ಕೆಳಗೆ ಬಿಳಿ ಪಂಚೆ ಹಾಸಿ, ಕಿಟಕಿಯ ಬೆಳಕಿಗೆ ಕೂತರೆ ಕರಿ ಎಳೆಯೂ ಎಣಿಸೋಕೆ ಸಿಗುತ್ತದೆ.

ಚೆಕಪ್ಪಿಗೂ ಹೋಗಿಬಂದೆ. ಎರಡೂ ಕಣ್ಣು ಸ್ಕ್ಯಾನ್ ಮಾಡಿ ಅಂದೆ, ಮಾಡಿದರು. ಎಡಗಣ್ಣು ಒಣಗಿಯೇ ಇದೆ. ಬಲಗಣ್ಣಿನಲ್ಲಿ ಒಂದು ಸಣ್ಣ ಸೀಳು ಇದೆಯಂತೆ, ನಡುಬಿಂದುವಿನಿಂದ ದೂರ, ನಾಳ ಇಲ್ಲ. ಮೊದಲಾಗಿದ್ದರೆ ಇದನ್ನು ಕೇಳಿ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ತಿಂಗಳಿಗೊಮ್ಮೆ ಯಾಕೆ ಅಂತಲೂ ಕೇಳಿದೆ. ಯುಗಾದಿಗೆ ಮರಳಿತ್ತಲ್ಲ, ಮೊದಲ ಸಲದ ಗಂಟೂ ನಡುಬಿಂದುವಿನ ಕೆಳಗೇ ಇತ್ತು, ಅದಕ್ಕೇ ಅಂದರು. ಇನ್ನೆರಡು ತಿಂಗಳು ಹೀಗೇ ಒಣಗಿದ್ದರೆ ಎರಡು ತಿಂಗಳಿಗೊಮ್ಮೆ ಬಂದರೆ ಸಾಕಂತೆ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ವಾಪಸ್ ಬರುವಾಗ ಕಣ್ಣಿಗೆ ಹನಿ ಹಾಕಿದ್ದರಿಂದ ಬಿಸಿಲು ಚುಚ್ಚುತ್ತಿತ್ತು. ಸೆರಗು ಮುಖದ ಮೇಲೆ ಎಳೆದುಕೊಂಡು ಕೂತು, ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿತಲ್ಲ ಅಂತ ಸಮಾಧಾನ ಪಟ್ಟೆ.

ಆಸ್ಪತ್ರೆಯವರು ಕೊಟ್ಟ ಆಮ್ಸ್ಲರ್ ಚೌಕದ ಹಾಳೆ ಒಲೆಯ ಹತ್ತಿರ ಇಟ್ಟು ಎರಡೇ ದಿನಕ್ಕೆ ಎಣ್ಣೆ ಆಯಿತು. ಅದಕ್ಕೆ ನಾನೇ ಒಂದು ಮಾಡಿದೆ. ಬಿಳಿ ಮ್ಯಾಟಿ ಬಟ್ಟೆ, ಕರಿ ದಾರ, ಗವಂತಿ ಹೊಲಿಗೆ. ಸ್ಕೇಲು ಇಟ್ಟು ಎಳೆ ಎಣಿಸಿ, ಅಡ್ಡ ಇಪ್ಪತ್ತೊಂದು ಗೆರೆ, ಉದ್ದ ಇಪ್ಪತ್ತೊಂದು ಗೆರೆ. ಎರಡು ಸಂಜೆ ಹಿಡಿಯಿತು. ನಡುವೆ ಕೆಂಪು ದಾರದ ಚುಕ್ಕೆ. ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ದಿನಾ ಬೆಳಿಗ್ಗೆ ಚಹಾಕ್ಕೆ ನೀರು ಇಟ್ಟು, ಅದು ಕುದಿಯುವಷ್ಟರಲ್ಲಿ ನೋಡುತ್ತೇನೆ. ಬಲಗಣ್ಣಿಗೆ ಎಲ್ಲ ಗೆರೆಯೂ ನೇರ. ಎಡಗಣ್ಣಿಗೆ ಚುಕ್ಕೆಯ ಕೆಳಗೆ ಮೂರು ಮನೆ ಸಣ್ಣದಾಗಿ ಕಾಣುತ್ತವೆ, ಗೆರೆ ಎಡಕ್ಕೆ ಎಳೆದುಕೊಂಡಿದೆ. ತಾರೀಕು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಹತ್ತು ದಿನದಿಂದ ಅವೇ ಮೂರು ಮನೆ.

ಓಸಿಟಿ ತಂಗೀ, ಒಂದು ಅನುಮಾನ. ಎಡಗಣ್ಣಿಗೆ ಕೆಂಪು ಚುಕ್ಕೆ ಕಾಣುವುದೇ ಇಲ್ಲ. ನಡುವನ್ನೇ ನೋಡಿ ಅಂದಿದ್ದೀರಿ, ಚುಕ್ಕೆ ಕಾಣದೆ ನಡು ಎಲ್ಲಿ ಅಂತ ಹೇಗೆ ಹಿಡಿಯಲಿ?

ಓಸಿಟಿ_ಕೋಣೆ:

ಅಕ್ಕಾ, ಇದನ್ನು ಕೇಳಿದ್ದು ಒಳ್ಳೆಯದಾಯಿತು. ನಡುಭಾಗ ಕಾಣದವರಿಗಾಗಿಯೇ ಆಮ್ಸ್ಲರ್ ಇನ್ನೊಂದು ಚೌಕ ಮಾಡಿದ್ದರು. ಅದರಲ್ಲಿ ನಾಲ್ಕು ಮೂಲೆಯಿಂದ ಓರೆ ಗೆರೆಗಳು ಬಂದು ನಡುವೆ ಕೂಡುತ್ತವೆ. ಚುಕ್ಕೆ ಕಾಣದಿದ್ದರೂ ಆ ಗೆರೆಗಳು ಎಲ್ಲಿ ಸೇರಬೇಕೋ ಅಲ್ಲಿಗೆ ಕಣ್ಣು ಇಟ್ಟರೆ ಆಯಿತು. ನಿಮ್ಮ ಬಟ್ಟೆಗೆ ಮೂಲೆಯಿಂದ ಮೂಲೆಗೆ ಎರಡು ಓರೆ ಗೆರೆ ಹಾಕಿಬಿಡಿ. ಓರೆ ಗೆರೆ ಬಂದ ಮೇಲೆ ಎಡಗಣ್ಣಿಗೆ ಹೇಗೆ ಕಾಣುತ್ತದೆ ಅಂತ ಹೊಸದಾಗಿ ಬರೆದಿಡಿ, ಹಳೆಯದರ ಜೊತೆ ಹೋಲಿಸಬೇಡಿ. ಮುಂದಿನ ಚೆಕಪ್ಪಿಗೆ ಬಟ್ಟೆ, ನೋಟ್‌ಬುಕ್ ಎರಡನ್ನೂ ತೆಗೆದುಕೊಂಡು ಹೋಗಿ, ಸ್ಕ್ಯಾನ್ ತೆಗೆಯುವವರಿಗೆ ತೋರಿಸಿ.

ಕಸೂತಿ_ಧಾರವಾಡ:

ಓರೆಗೆ ಬೇರೆ ಬಣ್ಣ ಇರಲಿ ಅಂತ ನೀಲಿ ದಾರ ತೆಗೆದಿಟ್ಟಿದ್ದೇನೆ. ಇವತ್ತು ಸಂಜೆ ತೇರಿನ ಗಾಲಿ ಮುಗಿಸಿ, ಅದನ್ನೇ ಹಾಕುತ್ತೇನೆ.